ಸೀರೆ ಪಾರ್ಸೆಲ್ಲಿಗೆ ವಿಳಾಸದ ಚೀಟಿ

ನಾರಾಯಣಪೇಟೆಯ ಸೋದರಿಗೆ,

ಗಿರಾಕಿಗಳ ಪಟ್ಟಿ ಎಕ್ಸೆಲ್‌ನಲ್ಲಿದೆ ಎಂದಿರಿ. ಅರ್ಧ ಕೆಲಸ ಮುಗಿದಂತೆಯೇ. ಹೆಸರು, ಬೀದಿ, ಊರು, ಜಿಲ್ಲೆ, ಪಿನ್‌ಕೋಡ್, ಮೊಬೈಲ್ ಬೇರೆ ಬೇರೆ ಕಾಲಂನಲ್ಲಿರಲಿ. ಹಳೆಯ ದಾಖಲೆಗಳಲ್ಲಿ ಗದ್ವಾಲ, ಮಕ್ತಲ್ ಎಲ್ಲಕ್ಕೂ ಮಹಬೂಬ್‌ನಗರ ಜಿಲ್ಲೆ ಎಂದೇ ಇರುತ್ತದೆ. ಗದ್ವಾಲ 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆಗೆ ಸೇರಿತು. 2019ರಲ್ಲಿ ನಿಮ್ಮೂರೇ ಜಿಲ್ಲೆಯಾಗಿ, ಮಕ್ತಲ್ ಅದರೊಳಗೆ ಬಂತು. ತಿದ್ದಿಬಿಡಿ. ಪಿನ್‌ಕೋಡ್ ಮಾತ್ರ ಎರಡೆರಡು ಸಲ ನೋಡಿ, ಪಾರ್ಸೆಲ್ ವಿಂಗಡಿಸುವುದೇ ಅದರ ಮೇಲೆ.

ಆಮೇಲೆ ವರ್ಡ್‌ನ ಮೇಲ್ ಮರ್ಜ್‌ನಲ್ಲಿ ‘ಲೇಬಲ್ಸ್’ ಆರಿಸಿ, ಪಟ್ಟಿ ಜೋಡಿಸಿ. ಮೊದಲ ಚೀಟಿಯಲ್ಲಿ ಕಾಲಂಗಳನ್ನು ಕೂರಿಸಿದ ಮೇಲೆ ‘ಅಪ್‌ಡೇಟ್ ಲೇಬಲ್ಸ್’ ಒತ್ತಲೇಬೇಕು. ಮರೆತರೆ ಹಾಳೆಗೆ ಒಂದೇ ವಿಳಾಸ ಬರುತ್ತದೆ. ಸ್ಟಿಕರ್ ಹಾಳೆ ದುಬಾರಿ. ಮೊದಲು ಬಿಳಿ ಹಾಳೆಯಲ್ಲಿ ಮುದ್ರಿಸಿ, ಸ್ಟಿಕರ್ ಮೇಲಿಟ್ಟು ಬೆಳಕಿಗೆ ಹಿಡಿದು, ಅಕ್ಷರ ಗೆರೆಯೊಳಗಿದೆಯೇ ನೋಡಿಕೊಳ್ಳಿ.