ಹುಲ್ಲುಗಾವಲು ಖಾಲಿ ಜಾಗ ಅಲ್ಲ

ಹೋದ ವರ್ಷ ಎನ್‌ಎಸ್‌ಎಸ್ ಕ್ಯಾಂಪ್‌ನಲ್ಲಿ ಒಂದು ಹುಲ್ಲಿನ ಬಯಲಲ್ಲಿ ನಾವು ಸಾಲಾಗಿ ಸಸಿ ನೆಟ್ಟೆವು. ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು, "ಇಲ್ಯಾಕಪ್ಪ ಗಿಡ? ಕುರಿ ಎಲ್ಲಿ ಮೇಯ್ಬೇಕು?" ಅಂದ್ರು. ನಾವು ನಕ್ಕು ಸುಮ್ಮನಾದೆವು. ಆಮೇಲೆ ಬಯೋಮ್‌ಗಳ ಬಗ್ಗೆ ಓದಿದಾಗ ಗೊತ್ತಾಯ್ತು, ಅಜ್ಜನ ಪ್ರಶ್ನೆ ಸರಿಯಾಗಿಯೇ ಇತ್ತು.

ಒಂದೇ ತರಹದ ಹವಾಮಾನ, ಅದಕ್ಕೆ ಒಗ್ಗಿದ ಒಂದೇ ತರಹದ ಸಸ್ಯಗಳು ಇರುವ ದೊಡ್ಡ ಭೂಪ್ರದೇಶವೇ ಬಯೋಮ್. ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ವಿಟ್ಟೇಕರ್ ಇವನ್ನೆಲ್ಲ ಒಂದೇ ಗ್ರಾಫ್‌ನಲ್ಲಿ ತೋರಿಸಿದರು. ಒಂದು ಅಕ್ಷದಲ್ಲಿ ವರ್ಷದ ಸರಾಸರಿ ಉಷ್ಣಾಂಶ, ಇನ್ನೊಂದರಲ್ಲಿ ವರ್ಷದ ಮಳೆ. ಅಷ್ಟೇ!

ಮೊದಲು ಬಿಸಿ ಕಡೆ ನೋಡೋಣ. ಮಳೆ 2000 ಮಿ.ಮೀ. ದಾಟಿ ವರ್ಷವಿಡೀ ಬಿದ್ದರೆ ಅಮೆಜಾನ್, ಕಾಂಗೋ ತರಹದ ನಿತ್ಯಹರಿದ್ವರ್ಣ ಕಾಡು. ಮಳೆ ಕಡಿಮೆಯಾಗಿ ಒಣ ತಿಂಗಳು ಬಂದರೆ ಮರಗಳು ನೀರು ಉಳಿಸೋಕೆ ಎಲೆ ಉದುರಿಸುತ್ತವೆ. ಇನ್ನೂ ಕಡಿಮೆಯಾದರೆ ಹುಲ್ಲಿನ ನಡುವೆ ಅಲ್ಲಲ್ಲಿ ಮರ ಇರುವ ಸವನ್ನಾ. 250 ಮಿ.ಮೀ.ಗಿಂತ ಕೆಳಗೆ ಮರುಭೂಮಿ.

ಈಗ ಚಳಿ ಕಡೆ. ಕೆನಡಾ, ರಷ್ಯಾದ ಟೈಗಾದಲ್ಲಿ ಸೂಜಿ ಎಲೆಯ, ಶಂಕುವಿನಾಕಾರದ ಮರಗಳು. ಹಿಮ ಕೊಂಬೆ ಮೇಲೆ ನಿಲ್ಲದೆ ಜಾರುತ್ತೆ. ಅದರ ಉತ್ತರಕ್ಕೆ ಟಂಡ್ರಾ. ಅಲ್ಲಿ ಕೆಳಗಿನ ಮಣ್ಣು ಸದಾ ಹೆಪ್ಪುಗಟ್ಟಿರುವುದರಿಂದ ಬೇರು ಆಳಕ್ಕೆ ಇಳಿಯಲ್ಲ. ಹಾಗಾಗಿ ಹೆಚ್ಚಾಗಿ ಪಾಚಿ, ಕಲ್ಲುಹೂವು, ಕುಳ್ಳ ಪೊದೆಗಳು. ತಮಾಷೆ ಏನಂದ್ರೆ, ಟಂಡ್ರಾದ ಬಹಳ ಕಡೆ ಮಳೆ ಮರುಭೂಮಿಯಷ್ಟೇ ಕಡಿಮೆ. ಆದರೆ ಚಳಿಗೆ ನೀರು ಹೆಚ್ಚು ಆವಿಯಾಗಲ್ಲ, ಕೆಳಗೂ ಇಂಗಲ್ಲ, ಬೇಸಿಗೆಯಲ್ಲಿ ನೆಲ ಜೌಗಾಗುತ್ತೆ. ಅದಕ್ಕೇ ಎರಡೂ ಅಕ್ಷ ಬೇಕು.

ಗ್ರಾಫ್‌ನ ಮಧ್ಯದಲ್ಲಿ ಮಾತ್ರ ಈ ಎರಡು ಸಂಖ್ಯೆ ಸಾಲಲ್ಲ. ಅಷ್ಟೇ ಮಳೆಗೆ ಒಂದು ಕಡೆ ಕಾಡು, ಇನ್ನೊಂದು ಕಡೆ ಹುಲ್ಲು ಇರಬಹುದು. ಬೆಂಕಿ ಮತ್ತು ಮೇಯುವ ಪ್ರಾಣಿಗಳು ಮರದ ಸಸಿಗಳನ್ನು ತಡೆಯುತ್ತವೆ. ಹುಲ್ಲು ಮಾತ್ರ ಬುಡದಿಂದ ಮತ್ತೆ ಚಿಗುರುತ್ತೆ. ಅಂದ್ರೆ ಹುಲ್ಲುಗಾವಲು ಹಾಳಾದ ಕಾಡು ಅಲ್ಲ, ಅದೇ ಒಂದು ಬಯೋಮ್. ಅದರ ಇಂಗಾಲದ ಬಹುಪಾಲು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿದೆ.

ಇದು ನಮ್ಮ ರಾಜ್ಯದ ಕಥೆಯೂ ಹೌದು. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ ಬೇಕಾದದ್ದು ಓಡಲು ಬಯಲು, ಮೇಯಲು ಹುಲ್ಲು. ಆ ಅಭಯಾರಣ್ಯದೊಳಗೇ ನೀಲಗಿರಿ ನೆಡುತೋಪು ಬೆಳೆಸಲಾಗಿದೆ. ಲೆಕ್ಕದಲ್ಲಿ ಅದು ಹಸಿರು, ಆದರೆ ಕೃಷ್ಣಮೃಗಕ್ಕೆ ಜಾಗ ಕಮ್ಮಿ.

ಸಸಿ ನೆಡಬೇಡಿ ಅಂತ ನಾನು ಹೇಳ್ತಿಲ್ಲ. ಕಾಡು ಕಡಿದ ಜಾಗದಲ್ಲಿ, ರಸ್ತೆ ಬದಿಯಲ್ಲಿ, ನಮ್ಮ ಹಾಸ್ಟೆಲ್ ಹಿಂದೆ ಖಂಡಿತ ನೆಡೋಣ. ಆದರೆ ಗುಂಡಿ ತೋಡೋ ಮುಂಚೆ ಒಂದು ಪ್ರಶ್ನೆ ಕೇಳೋಣ: ಇಲ್ಲಿ ಮೊದಲು ಏನಿತ್ತು? ಉತ್ತರ ಗೊತ್ತಿಲ್ಲದಿದ್ರೆ ಅಲ್ಲೇ ಕುರಿ ಮೇಯಿಸ್ತಿರೋ ಅಜ್ಜನನ್ನ ಕೇಳಿ. ನಾವು ಕೇಳಲಿಲ್ಲ.