ಮಕ್ಕಳ ಉಡುಪಿನ ಪ್ಯಾಟರ್ನ್: ಅಳತೆ, ಚಿತ್ರ ಮತ್ತು ವ್ಯಾಪಾರ

ಕಲ್ಯಾಣಪುರದ ಸಂತೆಕಟ್ಟೆಯಲ್ಲಿ ಮಗುವಿನ ಲಂಗಕ್ಕೆಂದು ಎರಡು ಮೀಟರ್ ಬಟ್ಟೆ ಕೊಂಡ ಗೃಹಿಣಿ ಅದನ್ನು ದರ್ಜಿಗೆ ಒಪ್ಪಿಸುತ್ತಾಳೆ. ಇಲ್ಲವೇ ಹಳೆಯ ಲಂಗವೊಂದನ್ನು ಹೊಸ ಬಟ್ಟೆಯ ಮೇಲೆ ಹರಡಿ, ಸುತ್ತ ಒಂದಿಷ್ಟು ಬಿಟ್ಟು ಅಂದಾಜಿನಲ್ಲಿ ಕತ್ತರಿಸುತ್ತಾಳೆ. ಅಂದಾಜು ತಪ್ಪಿದರೆ ಬಟ್ಟೆ ಹಾಳು. ಈ ನಷ್ಟವನ್ನು ತಪ್ಪಿಸಲು ಹುಟ್ಟಿಕೊಂಡ ಸರಕೇ ಮುದ್ರಿತ ಪ್ಯಾಟರ್ನ್, ಅಂದರೆ ಉಡುಪಿನ ಪ್ರತಿಯೊಂದು ಭಾಗವನ್ನೂ ನಿಜ ಗಾತ್ರದಲ್ಲಿ ಬರೆದು, ಹೊಲಿಯುವ ಕ್ರಮವನ್ನು ಚಿತ್ರಗಳಲ್ಲಿ ತಿಳಿಸಿ, ಲಕೋಟೆಯಲ್ಲಿಟ್ಟು ಮಾರುವ ಕಾಗದ. ಅನ್ಯ ದೇಶಗಳಲ್ಲಿ ಇದು ಶತಮಾನಕ್ಕೂ ಮೀರಿದ ಉದ್ಯಮ. ಕರಾವಳಿಯ ಸಣ್ಣ ಉದ್ಯಮಿಗಳು ಈ ಕಡೆ ಗಮನ ಹರಿಸಬಹುದೇ ಎಂಬುದು ಪರಿಶೀಲನೆಗೆ ಅರ್ಹವಾದ ವಿಷಯ.

ಈ ಉದ್ಯಮದ ಮೂಲದಲ್ಲಿರುವುದು ಮಕ್ಕಳ ಉಡುಪೇ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಸ್ಟರ್ಲಿಂಗ್ ಎಂಬ ಊರಿನ ದರ್ಜಿ ಎಬನೀಜರ್ ಬಟರಿಕ್ 1863ರಲ್ಲಿ ಪ್ಯಾಟರ್ನ್ ಮಾರಾಟವನ್ನು ಆರಂಭಿಸಿದ. ಅವನಿಗಿಂತ ಮೊದಲೂ ಕಾಗದದ ನಮೂನೆಗಳಿದ್ದವು. ಆದರೆ ಅವು ಒಂದೇ ಅಳತೆಯವು, ಕೊಂಡವರೇ ಹಿಗ್ಗಿಸಿ ಕುಗ್ಗಿಸಿಕೊಳ್ಳಬೇಕಾಗಿದ್ದವು. ಬಟರಿಕ್ ಒಂದೇ ಉಡುಪನ್ನು ಹಲವು ಅಳತೆಗಳಲ್ಲಿ ಕತ್ತರಿಸಿಟ್ಟ. ಪುರುಷರ ಮತ್ತು ಹುಡುಗರ ಉಡುಪುಗಳೇ ಅವನ ಮೊದಲ ಸರಕುಗಳು. ಹುಡುಗರ ‘ಗ್ಯಾರಿಬಾಲ್ಡಿ’ ಉಡುಪಿನ ಪ್ಯಾಟರ್ನ್ ಬಹು ಜನಪ್ರಿಯವಾಯಿತು. ಮಹಿಳೆಯರ ಉಡುಪುಗಳು ಬಂದದ್ದು ಆ ಬಳಿಕ. ದಪ್ಪ ಕಾಗದವನ್ನು ಬಿಟ್ಟು ತೆಳು ಕಾಗದಕ್ಕೆ ತಿರುಗಿದಾಗ ಅಂಚೆಯಲ್ಲಿ ಕಳುಹಿಸುವುದು ಸುಲಭವಾಯಿತು. ಜರ್ಮನಿಯ ಆಫನ್‌ಬರ್ಗ್‌ನಲ್ಲಿ ಎನ್ನೆ ಬುರ್ಡಾ 1950ರಲ್ಲಿ ಆರಂಭಿಸಿದ ಪತ್ರಿಕೆಯು ಪ್ಯಾಟರ್ನ್ ಹಾಳೆಗಳನ್ನು ಓದುಗರ ಮನೆಗೇ ತಲುಪಿಸಿ ಬೆಳೆಯಿತು. ಇವರಿಬ್ಬರೂ ಮಾರಿದ್ದು ಹೊಸ ಫ್ಯಾಷನ್ ಅಲ್ಲ, ನಂಬಬಹುದಾದ ಅಳತೆ ಎಂಬುದನ್ನು ಗಮನಿಸಬೇಕು.

ಅಳತೆಯ ಸಮಸ್ಯೆ

ಮಕ್ಕಳ ಉಡುಪನ್ನು ‘2 ವರ್ಷ’, ‘3 ವರ್ಷ’ ಎಂದು ವಯಸ್ಸಿನಿಂದ ಗುರುತಿಸುವುದು ರೂಢಿ. ಪ್ಯಾಟರ್ನ್ ತಯಾರಕನಿಗೆ ಇದು ಮೊದಲ ಬಲೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡದಂತೆ ಗಂಡುಮಗುವಿನ ಮಧ್ಯಮ ಎತ್ತರ 2 ವರ್ಷಕ್ಕೆ 87.1 ಸೆಂ.ಮೀ., 3 ವರ್ಷಕ್ಕೆ 96.1, 4 ವರ್ಷಕ್ಕೆ 103.3, 5 ವರ್ಷಕ್ಕೆ 110.0. ಮೊದಲ ವರ್ಷದ ಜಿಗಿತ 9 ಸೆಂ.ಮೀ.; ಕೊನೆಯದು 7 ಸೆಂ.ಮೀ.ಗಿಂತಲೂ ಕಡಿಮೆ. ಪ್ರತಿ ವರ್ಷಕ್ಕೂ ಸಮನಾಗಿ ಒಂದಿಂಚು ಕೂಡಿಸುತ್ತ ಹೋಗುವ ಪ್ಯಾಟರ್ನ್ ಎಲ್ಲಿಯೋ ಒಂದು ಕಡೆ ತಪ್ಪಲೇಬೇಕು. ಸಾಲದ್ದಕ್ಕೆ ಈ ವಯಸ್ಸಿನಲ್ಲಿ ಮಗು ಉದ್ದಕ್ಕೆ ಬೆಳೆದಷ್ಟು ಸೊಂಟದಲ್ಲಿ ಬೆಳೆಯುವುದಿಲ್ಲ. ಯೂರೋಪಿನ ತಯಾರಕರು ಇದನ್ನರಿತು ಎತ್ತರವನ್ನೇ ಅಳತೆಯ ಹೆಸರಾಗಿಸಿ 86, 92, 98, 104, 110, 116 ಎಂದು 6 ಸೆಂ.ಮೀ. ಅಂತರದಲ್ಲಿ ಶ್ರೇಣಿಯನ್ನು ರೂಪಿಸಿದ್ದಾರೆ. ಗೋಡೆಗೆ ನಿಲ್ಲಿಸಿ ಮಗುವಿನ ಎತ್ತರ ಅಳೆಯುವುದು ಯಾವ ತಾಯಿಗೂ ಕಷ್ಟವಲ್ಲ. ಲಕೋಟೆಯ ಮೇಲೆ ಎತ್ತರವನ್ನು ದೊಡ್ಡದಾಗಿಯೂ ವಯಸ್ಸನ್ನು ಚಿಕ್ಕದಾಗಿಯೂ ಮುದ್ರಿಸುವುದು ಲೇಸು.

ಹಾಗೆಂದು ಹೊರಗಿನ ಪಟ್ಟಿಯನ್ನು ಯಥಾವತ್ ಇಳಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳು ಮಕ್ಕಳು ಹೇಗೆ ಬೆಳೆಯಬೇಕೆಂಬುದನ್ನು ಹೇಳುತ್ತವೆಯೇ ಹೊರತು ನಿರ್ದಿಷ್ಟ ಊರಿನ ಮಕ್ಕಳ ಎದೆಸುತ್ತು, ತೋಳುದ್ದವನ್ನಲ್ಲ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ‘ಇಂಡಿಯಾ ಸೈಜ್’ ಸಮೀಕ್ಷೆಯು 6 ನಗರಗಳಲ್ಲಿ 25,000 ಮಂದಿಯನ್ನು ಅಳೆಯುವ ಮಹತ್ವದ ಯೋಜನೆ. ಆದರೆ ಅದು ಆರಿಸಿಕೊಂಡದ್ದು 15ರಿಂದ 65 ವರ್ಷದವರನ್ನು. ಚಿಕ್ಕ ಮಕ್ಕಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಪ್ಯಾಟರ್ನ್ ತಯಾರಕನು ಅಂಗನವಾಡಿ, ಶಾಲೆಗಳ ಮೂಲಕ ಪೋಷಕರ ಒಪ್ಪಿಗೆ ಪಡೆದು ತಾನೇ ಟೇಪು ಹಿಡಿಯಬೇಕು. ಇದು ಬೇಸರದ ಕೆಲಸ, ನಿಜ. ಆದರೆ ಹೀಗೆ ಕೂಡಿಹಾಕಿದ ಅಳತೆಯ ಪುಸ್ತಕವೇ ಈ ವ್ಯವಹಾರದ ನಿಜವಾದ ಬಂಡವಾಳ; ಪ್ರತಿಸ್ಪರ್ಧಿಯು ಲಕೋಟೆಯ ಚಿತ್ರವನ್ನು ಒಂದೇ ದಿನದಲ್ಲಿ ಅನುಕರಿಸಬಲ್ಲ, ಈ ಪುಸ್ತಕವನ್ನಲ್ಲ.

ಒಂದು ಅಳತೆಯಂತೂ ಅನೇಕ ಹೊಸಬರನ್ನು ಸೋಲಿಸುತ್ತದೆ. 2 ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 48 ಸೆಂ.ಮೀ., 5 ವರ್ಷಕ್ಕೆ ಸುಮಾರು 50. ಕುತ್ತಿಗೆ ಅದರ ಅರ್ಧದಷ್ಟಿದ್ದರೆ ಹೆಚ್ಚು. ಕುತ್ತಿಗೆಯ ಅಳತೆಗೆ ಒಪ್ಪುವಂತೆ 40 ಸೆಂ.ಮೀ. ಸುತ್ತಳತೆಯ ಕೊರಳನ್ನು ಬರೆದರೆ ನೋಡಲು ಅಂದವೇ. ಆದರೆ ಹಿಗ್ಗದ ಹತ್ತಿಬಟ್ಟೆಯಲ್ಲಿ ಅದು ತಲೆಯಿಂದ ಇಳಿಯದು. ಬೆನ್ನಿನಲ್ಲಿ 7 ಸೆಂ.ಮೀ. ಸೀಳು ಕೊಟ್ಟರೆ ಎರಡೂ ಬದಿ ಸೇರಿ 14 ಸೆಂ.ಮೀ. ಹೆಚ್ಚಿ, ಒಟ್ಟು 54 ಆಗುತ್ತದೆ. ಸೀಳಿನ ತುದಿಗೆ ದಾರ ಕಟ್ಟುವ ಬದಲು ಗುಂಡಿ ಇಡುವುದು ಕ್ಷೇಮ. ಯೂರೋಪಿನ ಇಎನ್ 14682 ಮಾನದಂಡವು 7 ವರ್ಷದೊಳಗಿನ ಮಕ್ಕಳ ಉಡುಪಿನ ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಎಳೆದಾರವನ್ನು ಒಪ್ಪುವುದಿಲ್ಲ. ರಫ್ತಿನ ಆಲೋಚನೆ ಇಲ್ಲದವರಿಗೂ ಇದು ಪಾಲಿಸಬೇಕಾದ ಎಚ್ಚರವೇ.

ಲಂಗದ ವಿಷಯದಲ್ಲಿ ಮಾತ್ರ ಮನೆಯ ಹಿರಿಯ ಹೆಂಗಸರ ಜ್ಞಾನವು ವಿದೇಶಿ ಪ್ಯಾಟರ್ನ್‌ಗಳನ್ನು ಮೀರಿಸುತ್ತದೆ. ಅಂಚಿನ ಮೇಲೆ ಅಡ್ಡಕ್ಕೆ ಟಕ್ ಹಿಡಿದು ಹೊಲಿದು, ಮಗು ಬೆಳೆದಂತೆ ಒಂದೊಂದಾಗಿ ಬಿಚ್ಚುವ ಪದ್ಧತಿ ಕನ್ನಡದ ಮನೆಗಳಿಗೆ ಹೊಸದಲ್ಲ. 4ರಿಂದ 5ನೇ ವರ್ಷಕ್ಕೆ ಹೆಣ್ಣುಮಗು ಸುಮಾರು 6.7 ಸೆಂ.ಮೀ. ಎತ್ತರವಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೊಂಟದ ಕೆಳಗಿನದು. 2 ಸೆಂ.ಮೀ. ಆಳದ ಒಂದು ಟಕ್ ಬಿಚ್ಚಿದರೆ 4 ಸೆಂ.ಮೀ. ಉದ್ದ ದೊರೆಯುವುದರಿಂದ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಒಂದು ಟಕ್ ಎಂಬ ಲೆಕ್ಕ ಕೂಡುತ್ತದೆ. ಇದನ್ನು ಪ್ಯಾಟರ್ನ್‌ನಲ್ಲೇ ಗೆರೆ ಹಾಕಿ ತೋರಿಸಿ, ‘ಮೂರು ವರ್ಷದ ಲಂಗ’ ಎಂದು ಲಕೋಟೆಯ ಮೇಲೆ ಹೇಳಿಕೊಂಡರೆ ಅದಕ್ಕಿಂತ ಉತ್ತಮ ಜಾಹೀರಾತು ಬೇಕಿಲ್ಲ.

ಚಿತ್ರ ಎಂಬ ಸರಕು

ಪ್ಯಾಟರ್ನ್‌ಗೆ ಎರಡು ಬಗೆಯ ಚಿತ್ರಗಳು ಬೇಕು. ಲಕೋಟೆಯ ಮೇಲಿನದು ಕೊಳ್ಳುವಂತೆ ಮಾಡುವ ಚಿತ್ರ. ಇಲ್ಲಿ ಚಿತ್ರಕಾರರು ಮಾಡುವ ಸಾಮಾನ್ಯ ತಪ್ಪೆಂದರೆ ವಯಸ್ಕರ ಫ್ಯಾಷನ್ ಚಿತ್ರದಂತೆ ಮಗುವಿಗೂ ನೀಳವಾದ ಕಾಲುಗಳನ್ನು ಬರೆಯುವುದು. 2–3 ವರ್ಷದ ಮಗುವಿನ ಎತ್ತರ ಅದರ ತಲೆಯ ಸುಮಾರು ಐದರಷ್ಟು ಮಾತ್ರ, ವಯಸ್ಕರದು ಏಳೂವರೆಯಷ್ಟು. ಕಾಲು ನೀಳವಾದರೆ ಮೊಣಕಾಲಿಗೆ ಬರಬೇಕಾದ ಫ್ರಾಕು ಚಿತ್ರದಲ್ಲಿ ತೊಡೆಯ ಮೇಲೆ ಕಾಣುತ್ತದೆ. ಹೊಲಿದ ಮೇಲೆ ಕೊಂಡವಳು ತಾನು ಮೋಸಹೋದೆನೆಂದೇ ತಿಳಿಯುತ್ತಾಳೆ. ಆದಕಾರಣ ಲಕೋಟೆಯ ಹಿಂಬದಿಯಲ್ಲಿ ಮೈಯಿಲ್ಲದ, ನೆಲಕ್ಕೆ ಹಾಸಿದಂತಿರುವ ಉಡುಪಿನ ಮುಂಭಾಗ ಮತ್ತು ಹಿಂಭಾಗದ ರೇಖಾಚಿತ್ರ ಕಡ್ಡಾಯವಾಗಿ ಇರಬೇಕು. ಪ್ರತಿ ಹೊಲಿಗೆ, ಗುಂಡಿ, ನೆರಿಗೆ ಅಲ್ಲಿ ಎಣಿಸಲು ಸಿಗಬೇಕು.

ಎರಡನೆಯದು ಒಳಗಿನ ಸೂಚನಾ ಚಿತ್ರಗಳು. ಬಟ್ಟೆಯ ಒಳಮೈಗೆ ಒಂದು ಛಾಯೆ, ಹೊರಮೈಗೆ ಬಿಳಿ; ಒಂದು ಚಿತ್ರಕ್ಕೆ ಒಂದೇ ಕೆಲಸ. ಎಳೆಯ ದಿಕ್ಕು, ಮಡಿಕೆಯ ಗೆರೆ, ಜೋಡಿಸಬೇಕಾದ ಗುರುತುಗಳು ಎಲ್ಲ ಹಾಳೆಗಳಲ್ಲೂ ಒಂದೇ ರೀತಿಯಲ್ಲಿರಬೇಕು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಆಡುವವರಿರುವ ಈ ಜಿಲ್ಲೆಯಲ್ಲಿ ಹೊಲಿಗೆಯ ಪದಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಚಿತ್ರವೊಂದೇ ಎಲ್ಲರಿಗೂ ಸಮಾನ ಭಾಷೆ. ಹೊಲಿಗೆಯ ಮಾರ್ಜಿನ್ ಸೇರಿದೆಯೇ ಇಲ್ಲವೇ ಎಂಬುದನ್ನು ಮಾತ್ರ ಪ್ರತಿ ಭಾಗದ ಮೇಲೂ ಅಕ್ಷರದಲ್ಲಿ ಬರೆಯತಕ್ಕದ್ದು. 1 ಸೆಂ.ಮೀ. ಮಾರ್ಜಿನ್ ಬಿಡದೆ ಕತ್ತರಿಸಿದ ರವಿಕೆಯು ಎರಡು ಬದಿಗಳ ನಾಲ್ಕು ಅಂಚು ಸೇರಿ ಎದೆಸುತ್ತಿನಲ್ಲಿ 4 ಸೆಂ.ಮೀ. ಕಡಿಮೆಯಾಗುತ್ತದೆ, ಅಂದರೆ ತೊಡಿಸಲು ಬಾರದಾಗುತ್ತದೆ.

ಬಟ್ಟೆಯ ಮೇಲೆ ಭಾಗಗಳನ್ನು ಹೊಂದಿಸುವ ನಕ್ಷೆಯು 36 ಮತ್ತು 44 ಇಂಚು ಅಗಲಗಳೆರಡಕ್ಕೂ ಇರಬೇಕು. ಹಲವು ಅಳತೆಗಳನ್ನು ಒಂದೇ ಹಾಳೆಯಲ್ಲಿ ಬರೆಯುವಾಗ ಬಣ್ಣಗಳ ಬದಲು ಚುಕ್ಕಿ, ತುಂಡುಗೆರೆ, ಪೂರ್ಣಗೆರೆ ಎಂದು ಬೇರ್ಪಡಿಸಿದರೆ ಕಪ್ಪು ಮಸಿಯೊಂದರಲ್ಲೇ ಮುದ್ರಣ ಮುಗಿಯುತ್ತದೆ. ಮುದ್ರಣಕ್ಕೆ ಮಣಿಪಾಲ ಹತ್ತಿರವೇ ಇದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಕಾಗದವು ತೇವ ಹೀರಿ ಕೆಲವು ಮಿಲಿಮೀಟರ್ ಹಿಗ್ಗುವುದರಿಂದ ಮೂಲಪ್ರತಿಯನ್ನು ಕಾಗದದಲ್ಲಿಡದೆ ಪಾಲಿಯೆಸ್ಟರ್ ಹಾಳೆಯ ಮೇಲೆ ಬರೆದಿಡುವುದು ಉಚಿತ. ಗಣಕಯಂತ್ರದ ಕಡತವಾಗಿ ಮಾರುವವರು ಮೊದಲ ಹಾಳೆಯಲ್ಲಿ 5 ಸೆಂ.ಮೀ. ಚೌಕವೊಂದನ್ನು ಬರೆಯಬೇಕು. ಮನೆಯ ಪ್ರಿಂಟರ್ 97 ಶೇಕಡಕ್ಕೆ ಕುಗ್ಗಿಸಿದರೆ 60 ಸೆಂ.ಮೀ. ಎದೆಸುತ್ತಿನಲ್ಲಿ 1.8 ಸೆಂ.ಮೀ. ಕಾಣೆಯಾಗುತ್ತದೆ; ಚೌಕವನ್ನು ಅಳೆದರೆ ಈ ದೋಷ ಕತ್ತರಿ ಹಿಡಿಯುವ ಮೊದಲೇ ತಿಳಿಯುತ್ತದೆ.

ಕಾನೂನು ಮತ್ತು ಮಾರುಕಟ್ಟೆ

ಬಹುಪಾಲು ಉದ್ಯಮಿಗಳು ತಿಳಿಯದ ಅಂಶವೊಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದೊಡನೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ರಿತಿಕಾ ಪ್ರೈವೇಟ್ ಲಿಮಿಟೆಡ್ ಮತ್ತು ಬೀಬಾ ಅಪರೆಲ್ಸ್ ನಡುವಣ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ಉಡುಪುಗಳಿಗೆ ಇದೇ ನಿಯಮವನ್ನು ಅನ್ವಯಿಸಿತು. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಆದರೆ ವಿನ್ಯಾಸವು ಹೊಸದಾಗಿರಬೇಕು ಮತ್ತು ಅರ್ಜಿಗೆ ಮುನ್ನ ಪ್ರಕಟವಾಗಿರಬಾರದು. ಮೊದಲು ಮಳಿಗೆಯಲ್ಲಿ ತೂಗುಹಾಕಿ, ಬೇಡಿಕೆ ಕಂಡ ಮೇಲೆ ನೋಂದಾಯಿಸುವೆನೆಂಬುದು ನಡೆಯದು. ಲಂಗ-ರವಿಕೆಯಂಥ ಸಾಂಪ್ರದಾಯಿಕ ಆಕಾರವಂತೂ ಯಾರ ಸ್ವತ್ತೂ ಅಲ್ಲ. ಸೂಚನೆಯ ಬರಹ ಮತ್ತು ಅದನ್ನು ವಿವರಿಸುವ ಚಿತ್ರಗಳ ಸ್ಥಾನ ಬೇರೆ. ಸ್ವಂತ ಕೃತಿಗಳಾಗಿ ಅವುಗಳಿಗೆ ಕೃತಿಸ್ವಾಮ್ಯದ ಆಸರೆ ಹೆಚ್ಚು ದೃಢ. ಯಾವುದಕ್ಕೂ ವಕೀಲರ ಸಲಹೆ ಪಡೆಯುವುದು ಒಳಿತು. ಹಣ ಮತ್ತು ಶ್ರಮವನ್ನು ಎಲ್ಲಿ ಹೂಡಬೇಕೆಂಬುದನ್ನು ಕಾನೂನೂ ಸೂಚಿಸುವಂತಿದೆ.

ಗ್ರಾಹಕರು ಯಾರು? ಅಗ್ಗದ ಸಿದ್ಧ ಉಡುಪು ಬಟ್ಟೆಯ ಬೆಲೆಗೇ ಸಿಗುವಾಗ ಉಳಿತಾಯದ ಹೆಸರಿನಲ್ಲಿ ಪ್ಯಾಟರ್ನ್ ಮಾರುವುದು ವ್ಯರ್ಥ ಪ್ರಯತ್ನ. ಹೊಲಿಗೆ ಕಲಿಯುವವರು ಮತ್ತು ಕಲಿಸುವವರು, ಸ್ವಸಹಾಯ ಸಂಘಗಳು, ಸಣ್ಣ ಬೊಟೀಕುಗಳು, ಗಲ್ಫ್ ರಾಷ್ಟ್ರಗಳಲ್ಲಿದ್ದು ಹಬ್ಬಕ್ಕೆ ಮಗಳಿಗೆ ಲಂಗ ಹೊಲಿಯಬಯಸುವ ಕುಟುಂಬಗಳು — ಇವರೇ ನಿಜವಾದ ಗ್ರಾಹಕರು. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಂತಹ ಸ್ವಉದ್ಯೋಗ ತರಬೇತಿ ಕೇಂದ್ರವು ಕಲ್ಯಾಣಪುರಕ್ಕೆ ಸಮೀಪದಲ್ಲೇ ಇದೆ. ಬಟ್ಟೆಯ ವ್ಯಾಪಾರಿಗೆ ಇನ್ನೊಂದು ಅವಕಾಶವೂ ಉಂಟು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಉಡುಪಿ ಸೀರೆಯ ಮೃದುವಾದ ಹತ್ತಿನೇಯ್ಗೆಯನ್ನು ತಾಳಿಪಾಡಿ ನೇಕಾರರ ಸಂಘ ಮತ್ತು ಕದಿಕೆ ಟ್ರಸ್ಟ್ ಉಳಿಸಲು ಯತ್ನಿಸುತ್ತಿವೆ. ಅಂತಹ ಬಟ್ಟೆಯ ತುಂಡು, ಗುಂಡಿ ಮತ್ತು ಪ್ಯಾಟರ್ನ್ ಮೂರನ್ನೂ ಒಂದೇ ಪೊಟ್ಟಣದಲ್ಲಿ ಮಾರಿದರೆ ಕಾಗದವೊಂದರಿಂದ ಬಾರದ ಲಾಭ ಬರಬಹುದು. ಬಟ್ಟೆಯನ್ನು ಒಗೆದು ಕತ್ತರಿಸಿ ಎಂಬ ಸೂಚನೆ ಮಾತ್ರ ಮರೆಯಬಾರದು. 4 ಶೇಕಡ ಕುಗ್ಗಿದರೂ 50 ಸೆಂ.ಮೀ. ಲಂಗ 2 ಸೆಂ.ಮೀ. ಕಿರಿದಾಗುತ್ತದೆ.

ಮೊದಲ ವರ್ಷಕ್ಕೆ ಜಬಲಾ, ಚಡ್ಡಿ, ಫ್ರಾಕು, ಲಂಗ-ರವಿಕೆ — ಈ ನಾಲ್ಕೇ ಸಾಕು. ಮೇ–ಜೂನ್‌ನಲ್ಲಿ ದರ್ಜಿಗಳು ಶಾಲಾ ಸಮವಸ್ತ್ರದಲ್ಲಿ ಮುಳುಗಿರುತ್ತಾರೆ. ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಅವರ ಕೈ ಬಿಡುವಾಗುತ್ತದೆ. ಪ್ರತಿ ಅಳತೆಯ ಪ್ಯಾಟರ್ನನ್ನೂ ಅದನ್ನು ಹಿಂದೆ ಕಂಡಿರದ ಒಬ್ಬರ ಕೈಗೆ ಕೊಟ್ಟು, ಬಾಯಿಮಾತಿನ ವಿವರಣೆ ಕೊಡದೆ ಹೊಲಿಸಿ ನೋಡಲು ಅದೇ ಸಕಾಲ. ಅವರು ಎಲ್ಲಿ ತಡೆದರೋ ಆ ಚಿತ್ರವನ್ನು ತಿದ್ದಿ ಬರೆದು, ಸೆಪ್ಟೆಂಬರ್‌ನಲ್ಲಿ ಮುದ್ರಣಕ್ಕೆ ಕಳುಹಿಸಿದರೆ ದೀಪಾವಳಿಯ ಬಟ್ಟೆ ಖರೀದಿಗೆ ಮುಂಚೆ ಲಕೋಟೆಗಳು ಅಂಗಡಿ ಸೇರುತ್ತವೆ.