ದಪ್ಪ ನಂಬಿ ಕೂರಬೇಡ ಮಗೂ

ನಿನ್ನ ಮೆಟಾಸರ್ಫೇಸ್ ಲೆನ್ಸಿನ ವಿನ್ಯಾಸ ನೋಡಿದೆ ಮಗೂ. ಬೆಳಕನ್ನು ಚುಕ್ಕೆಗೆ ಕೂಡಿಸುವ ಅತಿಸೂಕ್ಷ್ಮ ಕಂಬಗಳೆಲ್ಲ ದುಂಡು, ಎತ್ತರ ಒಂದೇ, ದಪ್ಪ ಬೇರೆ ಬೇರೆ. ಕಂಬ ದಪ್ಪವಾದಷ್ಟೂ ಬೆಳಕಿನ ಅಲೆ ಅದರೊಳಗೆ ತಡೆದು ಬರುತ್ತದೆ, ಫೇಸ್ ಹಿಂದೆ ಬೀಳುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಎಲೆಕ್ಟ್ರಾನ್ ಕಿರಣದಲ್ಲಿ ಬರೆದು, ತೊಳೆದು, ಕೊರೆದು ಮುಗಿಸುವ ಹೊತ್ತಿಗೆ ಆ ದಪ್ಪ ನಿನ್ನ ಮಾತು ಕೇಳುವುದಿಲ್ಲ.

ನನ್ನ ಮೊದಲ ಲೆನ್ಸಿನಲ್ಲಿ ಚುಕ್ಕೆಯಾಗಬೇಕಿದ್ದ ಬೆಳಕು ದೋಸೆ ಕಟ್ಟಿದ ಕಾಗದದ ಮೇಲಿನ ಎಣ್ಣೆಯ ಹಾಗೆ ಹರಡಿತ್ತು. ಎರಡು ತಿಂಗಳು ಮೇಜಿನ ಮೇಲಿನ ಕನ್ನಡಿಗಳನ್ನೇ ತಿರುವುತ್ತ ಕೂತೆ. ಕುಣಿಯಲಾರದವಳಿಗೆ ನೆಲ ಡೊಂಕು! ಕೊನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದರೆ ಕಂಬಗಳೆಲ್ಲ ಸುಮಾರು 20 ನ್ಯಾನೋಮೀಟರ್ ಊದಿಕೊಂಡಿದ್ದವು. ತೆಳು ಕಂಬದಲ್ಲಿ ಆ 20 ಮಾಡಿದ ಎಡವಟ್ಟೇ ಬೇರೆ, ದಪ್ಪ ಕಂಬದಲ್ಲಿ ಮಾಡಿದ್ದೇ ಬೇರೆ.

ಇದಕ್ಕೆ ಉಪಾಯ ನಮ್ಮೂರಿನಲ್ಲೇ ಹುಟ್ಟಿದ್ದು. 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ ಒಂದು ಸಂಗತಿ ತೋರಿಸಿಕೊಟ್ಟರು: ಬೆಳಕಿನ ಧ್ರುವೀಕರಣ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದರೂ, ಹಿಡಿದ ದಾರಿಯ ಗುರುತು ಫೇಸಿನಲ್ಲಿ ಉಳಿಯುತ್ತದೆ. ಆಗ ಅವರಿಗೆ ಹೆಚ್ಚುಕಡಿಮೆ ನಿನ್ನದೇ ವಯಸ್ಸು.

ಅದನ್ನು ಹೀಗೆ ಬಳಸು. ಇಟ್ಟಿಗೆ ಆಕಾರದ ಕಂಬಗಳನ್ನು ಒಂದೇ ಅಳತೆಯಲ್ಲಿ ನಿಲ್ಲಿಸು, ಒಂದೊಂದನ್ನೂ ಬೇಕಾದ ಕೋನಕ್ಕೆ ತಿರುಗಿಸು. ವರ್ತುಳ ಧ್ರುವೀಕೃತ ಬೆಳಕು ಹಾಯಿಸಿದರೆ, ಕಂಬ 30 ಡಿಗ್ರಿ ತಿರುಗಿದಲ್ಲಿ ಫೇಸ್ 60 ಡಿಗ್ರಿ ಸರಿಯುತ್ತದೆ. ಅರ್ಧ ಸುತ್ತಿಗೆ ಪೂರ್ತಿ 360 ಕೈಗೆ ಬರುತ್ತದೆ. 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ ಕಣ್ಣಿಗೆ ಕಾಣುವ ಬೆಳಕಿಗೆ ಲೆನ್ಸ್ ಮಾಡಿದ್ದು ಹೀಗೆಯೇ, 600 ನ್ಯಾನೋಮೀಟರ್ ಎತ್ತರದ ಟೈಟಾನಿಯಂ ಡೈಆಕ್ಸೈಡ್ ಕಂಬಗಳಿಂದ.

ಇಲ್ಲಿಯೂ ಕಂಬ ಊದಿಕೊಳ್ಳಬಹುದು. ಆದರೆ ಕೋನ ಹಾಗೇ ಉಳಿಯುತ್ತದೆ. ಒಂದಷ್ಟು ಬೆಳಕು ಫೋಕಸಿಗೆ ಬಾರದೆ ನೇರ ದಾಟಿಹೋಗಿ ಚುಕ್ಕೆ ಮಂಕಾದೀತು, ಕದಡುವುದಿಲ್ಲ. ಬಿಟ್ಟಿಯಾಗೇನೂ ಸಿಗುವುದಿಲ್ಲ, ನೆನಪಿಡು: ಬಲಕ್ಕೆ ತಿರುಗುವ ಬೆಳಕನ್ನು ಕೂಡಿಸುವ ಲೆನ್ಸ್, ಎಡಕ್ಕೆ ತಿರುಗುವುದನ್ನು ಚದುರಿಸುತ್ತದೆ. ನಿನ್ನ ಕೆಲಸಕ್ಕೆ ಎರಡೂ ಬೇಕಿದ್ದರೆ ಈ ದಾರಿ ಹಿಡಿಯಬೇಡ.

ಯಾವ ದಾರಿ ಹಿಡಿದರೂ ಫೈಲ್ ಕಳಿಸುವ ಮುನ್ನ ಎರಡು ಸಲ ಸಿಮ್ಯುಲೇಶನ್ ಓಡಿಸು: ಕಂಬಗಳನ್ನೆಲ್ಲ 10 ನ್ಯಾನೋಮೀಟರ್ ದಪ್ಪ ಮಾಡಿ ಒಮ್ಮೆ, ತೆಳ್ಳಗೆ ಮಾಡಿ ಇನ್ನೊಮ್ಮೆ. ಎರಡರಲ್ಲೂ ಚುಕ್ಕೆ ಚುಕ್ಕೆಯಾಗಿಯೇ ಉಳಿದರೆ ಕ್ಲೀನ್‌ರೂಮಿನ ಸರದಿಗೆ ಹೆಸರು ಬರೆಸು. ನಾನು ಕನ್ನಡಿ ತಿರುವಿದ ಎರಡು ತಿಂಗಳು ನಿನಗೆ ಉಳಿಯಲಿ.